ಫಿಬಾಳ ಪ್ರಾರ್ಥನೆಗೆ ತಲೆಬಾಗಿದ ಪ್ರಾಂತಾಧಿಪತಿಗಳು

ಮಹಾತ್ಮ ಜೊಸಾಯ ಥಾರ್ನ್‌ಲಿಯವರು ದೈವಾಧೀನರಾಗಿ ಇಪ್ಪತ್ತು ವರ್ಷ ಕಳೆದ ಮೇಲೆ, ಒಂದು ಸುಗ್ಗಿಯ ಮುಂಜಾನೆ, ಎಪ್ಪತ್ತಮೂರು ವರ್ಷ ವಯಸ್ಸಿನ ರಾಲ್ಫ್ ಗ್ರೆಶಮ್ ಎಂಬವರು ಪ್ರಾರ್ಥನಾಗೃಹದ ಜಗಲಿಯಲ್ಲಿ ಕುಳಿತು, ನೆರೆದ ಭಕ್ತರಿಗೆ ಈ ಪ್ರಸಂಗವನ್ನು ನಿರೂಪಿಸಿದರು. ಇದನ್ನು ಅವರು ಕಣ್ಣಾರೆ ಕಂಡಿದ್ದರು.

ಥಾರ್ನ್‌ಲಿಯವರು ಕ್ವೇಕರರೆಂಬ ಮಿತ್ರಸಮಾಜಕ್ಕೆ ಸೇರಿದವರು. ಇಂಗ್ಲೆಂಡಿನಲ್ಲಿ ತಮ್ಮ ಮತಕ್ಕಾಗಿ ಸೆರೆವಾಸ ಅನುಭವಿಸಿ, ಅನಂತರ ಅಮೆರಿಕದ ಒಂದು ನದೀತೀರದಲ್ಲಿ ಹೊಸ ಪ್ರಾಂತವನ್ನು ಸ್ಥಾಪಿಸಿದರು. ಅಲ್ಲಿ ಕೋಟೆಯಿರಲಿಲ್ಲ, ಸೈನ್ಯವಿರಲಿಲ್ಲ. ಮತದ ಕಾರಣಕ್ಕೆ ಯಾರಿಗೂ ಶಿಕ್ಷೆಯಿರಲಿಲ್ಲ. ಪ್ರತಿಯೊಬ್ಬ ಮನುಷ್ಯನೊಳಗೂ ದೇವರ ಬೆಳಕು ಇದೆಯೆಂಬುದೇ ಅವರ ರಾಜ್ಯಶಾಸನ. ಮರದ ದಿಮ್ಮಿಗಳಿಂದ ಕಟ್ಟಿದ ಪ್ರಾರ್ಥನಾಗೃಹದಲ್ಲಿ, ಪ್ರಾಂತಾಧಿಪತಿಗಳಾಗಿಯೂ, ಅವರು ಚಮ್ಮಾರನೊಬ್ಬನ ಪಕ್ಕದಲ್ಲಿ ಆಸೀನರಾಗುತ್ತಿದ್ದರು.

ಗ್ರೆಶಮ್ ಆಗ ಯುವಕ, ಇಂಗ್ಲೆಂಡಿನ ದೊರೆಯ ಸೇನೆಯಲ್ಲಿ ಕ್ಯಾಪ್ಟನ್. ರಾಜಪತ್ರವನ್ನು ಹಿಡಿದು ಒಂದು ಭಾನುವಾರ ಆತ ಪ್ರಾರ್ಥನಾಗೃಹದ ಬಾಗಿಲಿಗೇ ಬಂದನು.

"ದೊರೆಗಳ ಪತ್ರ, ಸ್ವಾಮಿ. ಟೊಪ್ಪಿಗೆ ತೆಗೆದು ಸ್ವೀಕರಿಸಬೇಕು."

"ಕೊಡು, ಮಿತ್ರ ರಾಲ್ಫ್," ಎಂದು ಪೂಜ್ಯರು ಟೊಪ್ಪಿಗೆ ತೆಗೆಯದೆಯೇ ಕೈ ಚಾಚಿದರು. ದೊರೆಯನ್ನೂ ದನಗಾಹಿಯನ್ನೂ ಏಕವಚನದಲ್ಲಿಯೇ ಸಂಬೋಧಿಸುವುದು ಆ ಸಮಾಜದ ಪದ್ಧತಿ.

"ಏನು, ಅದನ್ನು ತಲೆಗೆ ಮೊಳೆ ಹೊಡೆದು ಕೂರಿಸಿದ್ದೀರೋ?"

"ದೇವರೊಬ್ಬನಿಗೆ ತೆಗೆಯುತ್ತೇನೆ. ಒಳಗೆ ಬಾ, ಬಳಲಿದ್ದೀಯೆ."

ಇದು ಭಕ್ತಿಯಲ್ಲ, ಶುದ್ಧ ಅಹಂಕಾರ ಎಂದುಕೊಂಡ ಕ್ಯಾಪ್ಟನ್, ಆಸ್ಥಾನಕ್ಕೆ ಹಾಗೆಯೇ ಬರೆಯುವುದೆಂದು ನಿಶ್ಚಯಿಸಿ ಒಳಹೊಕ್ಕು ಕುಳಿತನು.

ಅಲ್ಲಿ ಪುರೋಹಿತರಿಲ್ಲ, ಸ್ತೋತ್ರವಿಲ್ಲ. ಎಲ್ಲರೂ ಮೌನವಾಗಿ ಕುಳಿತಿರುತ್ತಾರೆ, ಅಂತಃಪ್ರೇರಣೆಯಾದವರು ಮಾತನಾಡುತ್ತಾರೆ. ಯಾರಾದರೂ ಮೊಣಕಾಲೂರಿ ಪ್ರಾರ್ಥಿಸಿದರೆ ಉಳಿದವರೆಲ್ಲರೂ ಎದ್ದು ನಿಂತು, ಗಂಡಸರು ಟೊಪ್ಪಿಗೆ ತೆಗೆಯಬೇಕು. ತೆಗೆಯದಿದ್ದರೆ, ಆ ಪ್ರಾರ್ಥನೆ ದೇವಪ್ರೇರಿತವಲ್ಲವೆಂದು ಸಭೆಯಲ್ಲಿಯೇ ಸಾರಿದಂತೆ.

ಒಂದು ಗಳಿಗೆಯ ಮೌನದ ಬಳಿಕ ಕೊನೆಯ ಬೆಂಚಿನಿಂದ ಫಿಬಾ ಎದ್ದು ಬಂದಳು. ಆಕೆ ಪೂಜ್ಯರ ಮನೆಯ ಅಡುಗೆಯವಳು. ಆಫ್ರಿಕದಿಂದ ಸೆರೆಹಿಡಿದು ತಂದ, ಅವರ ಒಡೆತನದಲ್ಲಿದ್ದ ನಾಲ್ವರು ಗುಲಾಮರಲ್ಲಿ ಒಬ್ಬಳು. ಓದುಗರು ಬೆಚ್ಚಿಬೀಳಬಹುದು. ಈ ಸಂಗತಿಯನ್ನು ಬರೆಯುವ ಕೈಯೂ ತಡೆಯುತ್ತದೆ. ಆದರೆ ಇದನ್ನು ಮುಚ್ಚಿಡುವುದು ಆ ಮಹಾತ್ಮರಿಗೆ ಸಲ್ಲುವ ಗೌರವವಲ್ಲ.

ಫಿಬಾ ಮೊಣಕಾಲೂರಿದಳು.

"ತಂದೆಯೇ, ನಿನ್ನ ಬೆಳಕು ಎಲ್ಲರೊಳಗೂ ಇದೆ ಅಂತಾರೆ ಇವರು. ನನ್ನ ಗಂಡ ಕ್ವಾಕೊನೊಳಗೆ ಇದೆಯೋ ಇಲ್ಲವೋ, ನೀನೇ ಹೇಳು. ಬಾರ್ಬಡೋಸಿನ ತೋಟದವನೊಬ್ಬ ಒಳ್ಳೆಯ ಬಡಗಿ ಬೇಕೆಂದು ಕೇಳಿದ. ನನ್ನ ಒಡೆಯರು ಆಗಲಿ ಅಂದರು. ಊಟದ ನಡುವೆ ಅಂದರು, ತಂದೆ, ನಾನೇ ಬಡಿಸುತ್ತಿದ್ದೆ. ನಾಳೆ ಹಡಗು. ಕಳಿಸುವವನು ಜೊಸಾಯ. ಅವನ ಕೈ ತಡೆ. ನನ್ನಿಂದ ಆಗಲಿಲ್ಲ."

ಒಬ್ಬರೂ ಏಳಲಿಲ್ಲ, ಒಂದು ಟೊಪ್ಪಿಗೆಯೂ ಕದಲಲಿಲ್ಲ. ಚಮ್ಮಾರನು ನೆಲವನ್ನು ನೋಡಿದನು. ಸಭೆಯ ಹಿರಿಯ ಸೈಲಸ್ ವಿಟ್ಕೂಂಬ್ ಪೂಜ್ಯರ ಕಿವಿಯಲ್ಲಿ ಉಸುರಿದ್ದು ಹಿಂದಿದ್ದ ಕ್ಯಾಪ್ಟನ್ನನಿಗೂ ಕೇಳಿಸಿತು: "ಜೊಸಾಯ, ಬೇಡ. ತೆಗೆದೆಯೋ, ಅವಳ ಮಾತು ದೇವರದೆಂದು ಒಪ್ಪಿದಂತೆ. ನಮ್ಮೆಲ್ಲರ ಮನೆಯಲ್ಲೂ ಇಂಥವರಿದ್ದಾರೆ!"

ಪೂಜ್ಯರ ಮುಖ ಬಿಳಿಚಿಕೊಂಡಿತ್ತು. ತಮ್ಮ ಊಟದ ಮೇಜಿನಲ್ಲಿ ತಾವೇ ಆಡಿದ ಮಾತನ್ನು ಅವರು ಅಂದೇ ಮೊದಲ ಬಾರಿಗೆ ಕೇಳಿದಂತಿತ್ತು. ಸೆರೆಮನೆಯ ಅಧಿಕಾರಿಗಳ ಎದುರಿನಲ್ಲಿಯೂ ತೆಗೆಯದ ಆ ಟೊಪ್ಪಿಗೆಗೆ ಅವರು ಕೈ ಹಾಕಿದರು. ತೆಗೆದರು. ನಿಲ್ಲುವ ಬದಲು, ಬಂದು ಆ ತಾಯಿಯ ಪಕ್ಕದಲ್ಲಿ ಬರಿಯ ನೆಲದ ಮೇಲೆ ಮೊಣಕಾಲೂರಿದರು.

"ಇದು ದೇವರ ಮಾತು," ಎಂದರು. "ಈ ಮನೆಯಲ್ಲಿ ಕಳ್ಳನು ನಾನು. ಕ್ವಾಕೊ ಹೋಗುವುದಿಲ್ಲ."

ಫಿಬಾ ಅವರ ಕಡೆಗೆ ತಿರುಗಲಿಲ್ಲ. "ಮಿಕ್ಕ ಮೂವರು?" ಎಂದು ಕೇಳಿದಳು.

"ಯಾರೂ ನನ್ನವರಲ್ಲ. ನೀನೂ ಸೇರಿ ಮೂವರೂ ಬಿಡುಗಡೆಯಾದರು. ನಿನ್ನ ಗಂಡನೂ."

ಕ್ಯಾಪ್ಟನ್ ತಾನು ಎದ್ದು ನಿಂತದ್ದನ್ನು ಅರಿಯನು. ತಲೆಯ ಮೇಲೆ ಏನೂ ಇಲ್ಲವೆಂಬುದೂ, ಕಣ್ಣು ಒದ್ದೆಯಾಗಿದೆಯೆಂಬುದೂ ಆತನಿಗೆ ಬಹಳ ಹೊತ್ತಿನ ಮೇಲೆ ತಿಳಿಯಿತು.

ಮರುದಿನ ಹಡಗು ಕ್ವಾಕೊನನ್ನು ಬಿಟ್ಟು ಹೊರಟಿತು. ಆ ವಾರವೇ ನಾಲ್ವರಿಗೂ ಬಿಡುಗಡೆಯ ಪತ್ರವಾಯಿತು. ವಿಟ್ಕೂಂಬ್ ಮೊದಲಾದ ಹನ್ನೊಂದು ಕುಟುಂಬಗಳು ಸಭೆಯನ್ನು ತೊರೆದು ನದಿಯಾಚೆ ಬೇರೆ ಪ್ರಾರ್ಥನಾಗೃಹವನ್ನು ಕಟ್ಟಿಕೊಂಡವು. ಅವರ ಗುಲಾಮರು ಇನ್ನೂ ಬಹುಕಾಲ ಗುಲಾಮರಾಗಿಯೇ ಉಳಿದರು. ಗ್ರೆಶಮ್ ಸೇನೆಯನ್ನು ಬಿಟ್ಟು, ಕ್ವಾಕೊನ ಕಾರ್ಯಾಗಾರದಲ್ಲಿ ಒಂಬತ್ತು ವರ್ಷ ಬಡಗಿಯ ಕೆಲಸ ಕಲಿತು, ಆ ಊರಿನಲ್ಲಿಯೇ ನೆಲೆಸಿದರು.