ನೆರೆಮನೆಗೆ ಹೋದ ಡ್ರೈವರ್

ಬನಸಿರಿ ಎಂಬ ಮುಕ್ತ ಕಂಪ್ಯೂಟರ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಡ್ರೈವರ್ ಎಂಬ ಒಂದು ಕಿರು ತಂತ್ರಾಂಶ ಇತ್ತು. ಗ್ರಾಫಿಕ್ಸ್ ಕಾರ್ಡನ್ನು ಮಾತಾಡಿಸಿ ಪರದೆಯ ಮೇಲೆ ಚಿತ್ರ ಮೂಡಿಸುವುದು ಅದರ ಕೆಲಸ. ನೆರೆಯ ಕಿರುದೀಪ ವ್ಯವಸ್ಥೆಯಲ್ಲೂ ಅಂಥದೇ ಕಾರ್ಡಿತ್ತು. ಮಾತಾಡಿಸುವವರಿಲ್ಲದೆ ಅಲ್ಲಿನ ಪರದೆ ಕಪ್ಪಗಿತ್ತು. ಅಲ್ಲಿಂದ ಕರೆ ಬಂದಾಗ, ತನ್ನದೊಂದು ಪ್ರತಿಯನ್ನು ಬನಸಿರಿಯಲ್ಲೇ ಬಿಟ್ಟು ಡ್ರೈವರ್ ಹಿಗ್ಗಿನಿಂದ ಹೊರಟಿತು.

ಹೋದೊಡನೆ ತನ್ನ ರೂಢಿಯಂತೆ ಬೇಕಾದಷ್ಟು ಮೆಮೊರಿ ಬಾಚಿಕೊಂಡಿತು. ಕಿರುದೀಪ ಕುಸಿದು ನಿಂತಿತು.

ಮತ್ತೆ ಎದ್ದ ಮೇಲೆ ಅಲ್ಲಿನ ಯಜಮಾನ, ವ್ಯವಸ್ಥೆಯ ತಿರುಳಾಗಿ ಎಲ್ಲರಿಗೂ ಮೆಮೊರಿ ಹಂಚಿಕೊಡುವ ಕರ್ನಲ್ ಹೇಳಿತು, "ಪಡೆದದ್ದನ್ನು ನೀವು ಹಿಂತಿರುಗಿಸಲಿಲ್ಲ."

"ನಮ್ಮಲ್ಲಿ ಯಾರೂ ಅದನ್ನು ಕೇಳುವುದಿಲ್ಲ."

"ಇಲ್ಲಿ ಕೇಳುತ್ತೇವೆ."

ಡ್ರೈವರಿಗೆ ಮುಖಭಂಗವಾಯಿತು, ಹೊರಟುಬಿಡೋಣವೆನ್ನಿಸಿತು. ಆಗ ಕಾರ್ಡು ಮೆಲ್ಲಗೆ ಅಂದಿತು, "ನೀವು ಹೋದರೆ ನನ್ನನ್ನು ಗುಜರಿಗೆ ಹಾಕುತ್ತಾರೆ."

ಡ್ರೈವರ್ ಉಳಿಯಿತು. ಕಾರ್ಡಿನೊಡನೆ ಆಡುವ ಮಾತನ್ನು ಹಾಗೇ ಇಟ್ಟುಕೊಂಡು, ಆ ಮನೆಯವರನ್ನು ಕೇಳಿ ಮೆಮೊರಿ ಪಡೆಯುವ, ಕೆಲಸ ಮುಗಿದ ಮೇಲೆ ಹಿಂತಿರುಗಿಸುವ ರೀತಿಯನ್ನು ಮೊದಲಿನಿಂದ ಕಲಿಯಿತು. ಮತ್ತೆ ಮತ್ತೆ ಎಡವಿತು. ಪ್ರತಿ ಸಲವೂ ಕರ್ನಲ್ ಬೈಯದೆ, ಎಡವಿದ ಜಾಗವನ್ನು ತೋರಿಸಿಕೊಟ್ಟಿತು. ಕೊನೆಗೊಂದು ಬೆಳಿಗ್ಗೆ ಪರದೆ ಬೆಳಗಿತು.

ಕಾರ್ಡು ಹೊಗಳುತ್ತಿದ್ದರೂ ಡ್ರೈವರಿನ ಮನಸ್ಸು ತವರಿನ ಕಡೆಗಿತ್ತು. ಅದು ಬನಸಿರಿಗೆ ಸುದ್ದಿ ಕಳಿಸಿತು: "ಪಡೆದ ಮೆಮೊರಿಯನ್ನು ನಾನು ನಿಮ್ಮಲ್ಲೂ ಹಿಂತಿರುಗಿಸುತ್ತಿರಲಿಲ್ಲ. ಇಲ್ಲಿ ತಿದ್ದಿಕೊಂಡಿದ್ದೇನೆ. ಈ ತಿದ್ದುಪಡಿಯನ್ನು ನೀವೂ ತೆಗೆದುಕೊಳ್ಳಿ."

ಬನಸಿರಿಯ ಕರ್ನಲ್ ತೆಗೆದುಕೊಂಡಿತು. ದಿನವೂ ಸಂಜೆಯಾಗುತ್ತಲೇ ಏದುಸಿರು ಬಿಡುತ್ತಿದ್ದ ಅದರ ಯಂತ್ರಗಳು ಹಗುರಾಗಿ ಓಡತೊಡಗಿದವು. ನೆರೆಯವರಿಗೆ ಉಪಕಾರ ಮಾಡಿದೆನೆಂದು ಬೀಗುತ್ತಿದ್ದ ಆ ಕರ್ನಲ್ ಕಿರುದೀಪಕ್ಕೆ ಕೃತಜ್ಞತೆ ಹೇಳಿ ಕಳಿಸಿತು. ಅಂದಿನಿಂದ ತನ್ನಲ್ಲಿ ಹುಟ್ಟಿದ ಪ್ರತಿ ಡ್ರೈವರಿಗೂ ಅದು ಹೇಳುವ ಮೊದಲ ಮಾತು ಒಂದೇ:

"ನೆರೆಮನೆಯಲ್ಲಿ ಸ್ವಲ್ಪ ಕಾಲ ಇದ್ದು ಬಾ, ಮಗು."