ಕರಿಯವ್ವನ ನೇರಳೆ ವೈನು

"ಮತ್ತೆ ಬಂದೆಯಾ? ನಾಲ್ಕು ಹಣ್ಣು ಹಿಸುಕುವಷ್ಟು ಹೊತ್ತೂ ನನ್ನನ್ನು ಸುಮ್ಮನೆ ಬಿಡುವುದಿಲ್ಲವಲ್ಲ."

ಕೆರೆಯಂಚಿನ ನೇರಳೆ ಮರದ ಕೆಳಗೆ ಹೀಗೆ ಗದರಿದವಳು ಕರಿಯವ್ವ ಎಂಬ ಕರಡಿ. ಬೈಸಿಕೊಂಡವಳು ಅವಳ ಮಗಳು ಗಿಡ್ಡಿ.

ಮಕ್ಕಳೇ, ಕರಿಯವ್ವನ ತಲೆಬಿಸಿಗೆ ಕಾರಣವಿತ್ತು. ಮಳೆಗಾಲ ಮುಗಿದ ಮೇಲೆ ಕಾಡಿನವರೆಲ್ಲ ಕೂಡಿ ಉಣ್ಣುವ ಊಟಕ್ಕೆ ವೈನು ಮಾಡುವ ಸರದಿ ಆ ವರ್ಷ ಅವಳದು. ಹಿಂದಿನ ವರ್ಷ ಕಾಡುಹಂದಿ ಮಾಡಿದ್ದು ಕೆಟ್ಟು ಹುಳಿಯಾಗಿತ್ತು. "ಇದನ್ನು ಕುಡಿಯಲು ಕೊಟ್ಟೆಯೋ, ಕಾಲು ತೊಳೆಯಲೋ?" ಎಂದು ಎಲ್ಲರೆದುರು ಉಗುಳಿದವಳು ಇದೇ ಕರಿಯವ್ವ. ಈಗ ತನ್ನದೂ ಕೆಟ್ಟರೆ ಮುಖ ಎಲ್ಲಿಡುವುದು?

ಕೆಲಸವೇನೋ ಅಚ್ಚುಕಟ್ಟು. ಮಡಕೆಯನ್ನು ಕುದಿನೀರಿನಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿದಳು. ಹಿಸುಕಿದ ಹಣ್ಣಿಗೆ ಜೇನು, ನೀರು ಬೆರೆಸಿ, ಮೇಲೆ ಒಂದು ಗೇಣು ಖಾಲಿ ಬಿಟ್ಟಳು. ಮುಚ್ಚಳದ ಬದಲು ತೆಳು ಬಟ್ಟೆ ಕಟ್ಟಿದಳು. "ಹುದುಗುವಾಗ ಒಳಗೆ ಗಾಳಿ ಹುಟ್ಟುತ್ತದೆ, ಅದಕ್ಕೆ ದಾರಿ ಬಿಡು" ಎಂದು ಅವಳ ತಾಯಿ ಕಲಿಸಿದ್ದಳು.

ಮಡಕೆ ತನ್ನ ಪಾಡಿಗೆ ಕೂತಿತು. ಪಕ್ಕದ ಮರದ ಕೋತಿಗೆ ಮಾತ್ರ ಕೂರಲು ಆಗಲಿಲ್ಲ.

"ಅಕ್ಕಾ, ಬರೀ ಮೂಸಿ ನೋಡುತ್ತೇನೆ."

"ನಿನ್ನೆಯೂ ಮೂಸಿದೆ. ಮೂಗಿನಿಂದ ಮೂಸಿದೆಯೋ, ಬೆರಳಿನಿಂದಲೋ?"

"ಬೈಯಬೇಡ. ಕಾಲು ತೊಳೆಯಲು ಎಷ್ಟು ಸಿಗುತ್ತದೆ ಅಂತ ಕಾಡುಹಂದಿ ಕೇಳಿ ಕಳಿಸಿದ್ದಾನೆ."

ಅಷ್ಟು ಸಾಕಾಯಿತು. ಕರಿಯವ್ವ ಬಟ್ಟೆಯನ್ನು ಕಿತ್ತೆಸೆದಳು. ಮುಚ್ಚಳ ಬಡಿದು, ಸುತ್ತಲೂ ಜೇನುಮೇಣ ಮೆತ್ತಿ, ಮೇಲೆ ದೊಡ್ಡ ಕಲ್ಲು ಹೇರಿದಳು. "ಈಗ ಮೂಸು." ತಾಯಿ ಕಲಿಸಿದ್ದು ಆ ಸಿಟ್ಟಿನಲ್ಲಿ ನೆನಪಿಗೇ ಬರಲಿಲ್ಲ.

ಮರುದಿನ ಬೆಳಿಗ್ಗೆ, ಗುಹೆಯಲ್ಲಿದ್ದ ಕರಿಯವ್ವನ ಬಳಿಗೆ ಗಿಡ್ಡಿ ಬಂದಳು. "ಅಮ್ಮಾ, ಮಡಕೆ..."

"ಕೆಲಸದಲ್ಲಿದ್ದೇನೆ."

ಮಧ್ಯಾಹ್ನ ಬಂದಳು. "ಅಮ್ಮಾ, ಅದರೊಳಗೆ..."

"ನಿನಗೂ ಆ ಕೋತಿಯ ರೋಗ ಅಂಟಿತೇ? ಹೋಗು."

ಸಂಜೆ ಬಂದಳು. "ಅಮ್ಮಾ, ಒಂದೇ ಮಾತು..."

"ಇನ್ನೊಂದು ಸಲ ಬಂದರೆ ಕೆರೆಗೆ ಎಸೆಯುತ್ತೇನೆ."

ಗಿಡ್ಡಿ ಹೋಗಿ ಮಡಕೆಯ ಹತ್ತಿರವೇ ಕೂತಳು.

ಢಮ್ ಎಂದಿತು. ಕರಿಯವ್ವ ಓಡಿ ಬಂದಾಗ ಮಡಕೆ ಚೂರುಚೂರು. ಗಿಡ್ಡಿಯ ಮೈಯೆಲ್ಲ ನೇರಳೆ ಬಣ್ಣ. ಯಾವುದು ರಸ, ಯಾವುದು ರಕ್ತ ಎಂದು ತಾಯಿಗೆ ತಿಳಿಯಲಿಲ್ಲ. ನೆಕ್ಕಿ ನೆಕ್ಕಿ ನೋಡಿದಳು. ಮುಂಗಾಲಿನಲ್ಲಿ ಒಂದು ಚೂರು ನೆಟ್ಟಿತ್ತು.

ಕಾಡುಹಂದಿ ಬಂದ. ನಗಲಿಲ್ಲ. ಚೂರು ಕಿತ್ತು, ಸೊಪ್ಪು ಅಗಿದು ಗಾಯಕ್ಕೆ ಒತ್ತಿದ.

"ಎಲ್ಲ ಆ ಕೋತಿಯಿಂದ ಆದದ್ದು" ಎಂದು ಕರಿಯವ್ವ ಹಲ್ಲು ಕಡಿದಳು.

ಗಿಡ್ಡಿ ಬಿಕ್ಕುತ್ತಾ ಹೇಳಿದಳು. "ಮಡಕೆ ಬುಸುಗುಟ್ಟುತ್ತಿತ್ತು, ಬಿರುಕು ಬಿಟ್ಟಿತ್ತು. ಅದನ್ನೇ ಹೇಳಲು ಮೂರು ಸಲ ಬಂದೆ. ಏನು ಮಗಳೇ ಅಂತ ಒಂದು ಸಲವೂ ಯಾಕಮ್ಮ ಕೇಳಲಿಲ್ಲ?"

ಇಡೀ ಕಾಡಿಗೆ ಎದುರುತ್ತರ ಕೊಡುತ್ತಿದ್ದ ಕರಿಯವ್ವ ಮಗಳ ಗಾಯದ ಮೇಲಿನ ಸೊಪ್ಪನ್ನು ತಾನೇ ಒತ್ತಿ ಹಿಡಿದು ಕೂತಳು.

ನೀತಿ: ಕೆಣಕಿದವನ ಮೇಲಿನ ಸಿಟ್ಟಿಗೆ ಕಲಿತ ಕೆಲಸ ಕೆಡಿಸಬೇಡ, ಎಚ್ಚರಿಸಲು ಬಂದವರನ್ನು ಅಟ್ಟಬೇಡ.