ನೋಡಿದವರ ಮಣೆ

ಈ ಕಥೆಯಲ್ಲಿ ಒಬ್ಬ ಗುರು, ಒಬ್ಬ ದಡ್ಡ ಶಿಷ್ಯ. ದಡ್ಡ ಯಾರೆಂದು ಹುಡುಕುವ ಕಷ್ಟ ನಿಮಗೆ ಬೇಡ. ಅದು ನಾನೇ.

ಗುರುಗಳು ಡಾಕ್ಟರ್ ಅಡಿವೆಪ್ಪನವರು. ಊರಿಗೆಲ್ಲ ಅಡಿವೆಪ್ಪಜ್ಜ. ದೊಡ್ಡ ಆಸ್ಪತ್ರೆಯಲ್ಲಿ ಮಿದುಳು-ನರಗಳ ವೈದ್ಯರಾಗಿದ್ದು, ವಯಸ್ಸಾದ ಮೇಲೆ ಕೃಷ್ಣೆಯ ದಂಡೆಯ ಹಳೆಯ ಮಠವೊಂದರ ಪಡಸಾಲೆಗೆ ಬಂದು ಕೂತಿದ್ದರು. ಫಿಟ್ಸು ಮತ್ತು ತಲೆನೋವು, ಇವೆರಡಕ್ಕೆ ಮಾತ್ರ ಅಲ್ಲಿ ಔಷಧ. ಓದು ಮುಗಿಸಿದ ನಾನು ಅವರ ಕೈಕೆಳಗೆ ಕಲಿಯಲು ಹೋಗಿದ್ದೆ.

ಈಗ ನನಗೂ ತಲೆ ನೆರೆತಿದೆ. ನನ್ನ ಆಸ್ಪತ್ರೆಯಲ್ಲಿ ಯಂತ್ರಗಳಿಗೆ ಕೊರತೆಯಿಲ್ಲ. ಆದರೂ ಆ ಪಡಸಾಲೆ, ಹೊಳೆಯ ಕಡೆಯಿಂದ ಬರುತ್ತಿದ್ದ ಗಾಳಿ, ಅಜ್ಜನ ಕೆಮ್ಮು ಆಗಾಗ ನೆನಪಾಗುತ್ತವೆ. ಹೋದ ದಿನಗಳು ಹೋದವು.

ಅಜ್ಜನ ಎದುರಿಗೆ ಎರಡು ಮಣೆ. ಒಂದು ರೋಗಿಗೆ. ಇನ್ನೊಂದು ನೋಡಿದವರಿಗೆ.

ತಲೆನೋವಿನವರು ಬಂದರೆ ಎರಡನೆಯ ಮಣೆಯನ್ನು ಗೋಡೆಗೆ ಒರಗಿಸಿಡುತ್ತಿದ್ದರು. ಫಿಟ್ಸಿನವರು ಬಂದರೆ ಮೊದಲು ಅದನ್ನೇ ಹಾಕುತ್ತಿದ್ದರು.

"ಯಾಕ್ರಿ ಅಜ್ಜಾರ?" ಎಂದು ಮೊದಲ ದಿನವೇ ಕೇಳಿದ್ದೆ.

"ತಲಿನೋವು ಬಂದಾವನಿಗಷ್ಟ ಗೊತ್ತು, ಮಂದಿಗೆ ಕಾಣಂಗಿಲ್ಲ. ಫಿಟ್ಸು ಮಂದಿಗೆಲ್ಲಾ ಕಾಣತೈತಿ, ಬಂದಾವನಿಗೆ ಗೊತ್ತಿಲ್ಲ."

ನೋಡಿದವರನ್ನು ಅಜ್ಜ ಕೇಳುತ್ತಿದ್ದದ್ದು ಮೂರೇ ಪ್ರಶ್ನೆ. ಮುಖ ಹೆಂಗಾಗಿತ್ತು? ಕೈಕಾಲು ಏನ್ ಮಾಡಿದ್ವು? ಎಚ್ಚರಾದ ಮ್ಯಾಲ ಮೊದಲ ಮಾತು ಏನು?

ಇಷ್ಟು ಕೇಳಲು ದನ ಕಾಯುವವನನ್ನೂ ಅಗಸಗಿತ್ತಿಯನ್ನೂ ಕರೆಸಿ ಮಣೆ ಹಾಕುವುದು ನನಗೆ ಅತಿ ಎನಿಸುತ್ತಿತ್ತು. ಪುಸ್ತಕ ಓದಿದವನಿಗೆ ಸೊಕ್ಕು ಜಾಸ್ತಿ.

ಒಂದು ದಿನ ಅಜ್ಜ ಪಕ್ಕದೂರಿಗೆ ಹೋಗಿದ್ದರು. ಪಡಸಾಲೆಗೆ ನಾನೇ ಒಡೆಯ.

ಕಾಶವ್ವ ಎಂಬಾಕೆ ಮಗಳನ್ನು ಕರೆದುಕೊಂಡು ಬಂದಳು. ಮಗಳ ಹೆಸರು ನಿಂಬೆವ್ವ. ಎಂಟು ದಿನಕ್ಕೆ ಮದುವೆ. ಮದುವೆಯ ಬಳೆ ಇಡಿಸಿಕೊಳ್ಳುವಾಗ ಅಂಗಳದಲ್ಲೇ ಬಿದ್ದಿದ್ದಳು. ಹಿಂದೆಯೇ ಒಬ್ಬ ಮುದುಕ, ಹೆಗಲ ಮೇಲೆ ಬಳೆಯ ಮಲಾರ.

"ನೀ ಯಾರು?"

"ಬಳಿಗಾರ ಮೌಲಾಸಾಬರಿ. ನನ್ನ ಕೈಯಾಗ ಹುಡುಗಿ..."

"ಹೊರಗಿನವರದ್ದು ಇಲ್ಲೇನು ಕೆಲಸ? ಬೇವಿನ ಗಿಡದ ಕೆಳಗ ಕೂಡು, ಹೋಗು."

ಮುದುಕ ಹೋಗಿ ಕೂತ. ನಾನು ಕಾಶವ್ವನನ್ನು ಕೇಳಿದೆ.

"ಕೈಕಾಲು ಜಗ್ಗಿದ್ವು ಅಂತರಿ," ಎಂದಳು ಆಕೆ. "ಎಲ್ಲಾರೂ ಫಿಟ್ಸು ಅಂದ್ರು. ಕೈಯಾಗ ಕಬ್ಬಿಣ ಹಿಡಿಸಿದ್ರು."

ನನಗೆ ಅಷ್ಟು ಸಾಕಾಯಿತು. ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ 'ಮೂರ್ಛೆರೋಗ' ಎಂದು ಬರೆದೆ. ಮೂರು ವರ್ಷ ಮಾತ್ರೆ ತಪ್ಪಿಸಬಾರದು ಎಂದೆ. ನಿಂಬೆವ್ವ ಏನೋ ಹೇಳಲು ಬಾಯಿ ತೆರೆದಳು. ನಾನು ಮುಂದಿನ ರೋಗಿಯನ್ನು ಕರೆದೆ.

ಮರುದಿನ ಬೆಳಿಗ್ಗೆ ಅಜ್ಜ ಬಂದು ನನ್ನ ಬರಹವನ್ನು ಓದಿದರು.

"ನೋಡಿದವರು ಯಾರು?"

"ಅವರ ಅವ್ವರಿ."

"ಅಕಿ ಕಣ್ಣಿಲೆ ನೋಡಿದ್ಲೇನು?"

ಅಷ್ಟರಲ್ಲಿ ಕಾಶವ್ವನೇ ಅಳುತ್ತ ಬಂದಳು. ಹಿಂದೆ ಮಗಳು, ಅವಳ ಹಿಂದೆ ಅದೇ ಬಳೆಗಾರ. ಸುದ್ದಿ ಆಗಲೇ ಹೊಳೆ ದಾಟಿತ್ತು. ಹುಡುಗಿಗೆ ಫಿಟ್ಸ್ ಇದೆಯೆಂದು ಡಾಕ್ಟರೇ ಬರೆದುಕೊಟ್ಟ ಮೇಲೆ ಮದುವೆ ಬೇಡ ಎಂದು ಆಚೆ ದಡದ ಗಂಡಿನ ಕಡೆಯವರು ಹೇಳಿ ಕಳಿಸಿದ್ದರು.

"ನೀ ಕಣ್ಣಿಲೆ ನೋಡಿಯೇನು ತಂಗಿ?" ಅಜ್ಜ ಕೇಳಿದರು.

"ಇಲ್ಲರಿ. ನಾ ಊರಾಗ ಮದುವಿಗೆ ಕರಿಯಾಕ ಹೋಗಿದ್ದೆ."

ಅಜ್ಜ ಎದ್ದು ಎರಡನೆಯ ಮಣೆಯನ್ನು ತಾವೇ ಹಾಕಿ, ಅಂಗವಸ್ತ್ರದಿಂದ ಧೂಳು ಝಾಡಿಸಿದರು.

"ಬಾ ಮೌಲಾಸಾಬ. ಕೂಡು."

ಮುದುಕ ಸಂಕೋಚದಿಂದ ಕೂತ. ಮಲಾರವನ್ನು ತೊಡೆಯ ಮೇಲೆ ಇಟ್ಟುಕೊಂಡ.

"ನಾಕು ಬಳಿ ಏರಿಸಿದ್ದೆರಿ. ಐದನೇದು ಚಟ್ ಅಂತ ಒಡೀತು. ರಕ್ತ ಬಂತು. ಹುಡುಗಿ ಅದನ್ನ ನೋಡಿ, 'ಕಾಕಾ, ಕಣ್ಣಿಗೆ ಕತ್ತಲಿ ಬಂದಂಗ ಆಗತೈತಿ' ಅಂದ್ಲು."

"ಮುಖ ಹೆಂಗಾಗಿತ್ತು?"

"ಸುಣ್ಣದಂಗ ಬೆಳ್ಳಗರಿ. ಹಣಿ ತುಂಬ ಬೆವರು."

"ಕೈಕಾಲು ಏನ್ ಮಾಡಿದ್ವು?"

"ಮೊದಲ ಮೆತ್ತಗ ಜೋತುಬಿದ್ವು. ಹೆಣ್ಮಕ್ಕಳು ಬಗಲಾಗ ಕೈ ಕೊಟ್ಟು ಎತ್ತಿ ಕುಂದ್ರಿಸಿದ್ರು, ಬೀಗದ ಕೈ ಗೊಂಚಲ ಹಿಡಿಸಿದ್ರು. ಆವಾಗ ಮೂರ್ನಾಕು ಸಲ ಜಗ್ಗಿದ್ವರಿ. ನಾ ಬೈದು ನೆಲಕ್ಕ ಮಲಗಿಸಿದೆ. ಮಲಗಿಸಿದ ಕೂಡಲೆ ನಿಂತ್ವು."

"ಮೊದಲ ಮಾತು ಏನು?"

"'ಕಾಕಾ, ಬಳಿ ಒಡೀತೇನು?' ಅಂದ್ಲರಿ."

ಅಜ್ಜ ನಕ್ಕರು. ಆಮೇಲೆ ನಿಂಬೆವ್ವನ ಕಡೆ ತಿರುಗಿದರು.

"ಬಿದ್ದ ದಿನ ಮುಂಜಾನಿಂದ ಏನ್ ತಿಂದಿದ್ದಿ?"

"ಏನಿಲ್ಲರಿ. ಉಪವಾಸ ಇದ್ದೆ."

"ಹಿಂದ ಯಾವಾಗರ ಹಿಂಗ ಬಿದ್ದಿದ್ದಿಯೇನು?"

"ಸಾಲ್ಯಾಗ ಸೂಜಿ ಚುಚ್ಚಿದಾಗ ಒಮ್ಮೆರಿ. ನಿನ್ನೆ ಅದನ್ನ ಹೇಳಬೇಕಂತಿದ್ದೆ..."

ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು ಎನಿಸಿತು.

ಅಜ್ಜ ನಾಡಿ ಹಿಡಿದರು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ರಕ್ತದೊತ್ತಡ ನೋಡಿದರು.

"ಬವಳಿ ಬಂದು ಬಿದ್ದಾಳ, ಅಷ್ಟ. ಬಿದ್ದಾಕಿನ್ನ ಎತ್ತಿ ಕುಂದ್ರಿಸಿದ್ದಕ್ಕ ತಲಿಗೆ ರಕ್ತ ಏರಲಿಲ್ಲ, ಕೈಕಾಲು ಜಗ್ಗಿದ್ವು. ಫಿಟ್ಸ್ ಬಂದಾವ ಎದ್ದ ಮ್ಯಾಲ ಹೆಚ್ಚಾಗಿ ದಿಕ್ಕು ತಪ್ಪಿದಂಗ ತಡಕಾಡತಾನ. ಈಕಿ ಬಿಟ್ಟಲ್ಲಿಂದ ಮಾತು ಹಿಡಿದಾಳ."

ಕಾಶವ್ವ ನೆಲಕ್ಕೆ ಕುಸಿದು ಕೈಮುಗಿದಳು. ನನಗೆ ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಬೇಕೆನಿಸಿತು.

"ಇನ್ನೊಂದು ಚೀಟಿ ಬರೆದುಕೊಡತೇನ್ರಿ ಅಜ್ಜಾರ," ಎಂದೆ.

"ಚೀಟಿ ಹೊಳಿ ದಾಟಿ ಹೋಗಿ ಬಾಯಿ ಬಿಡತೈತೇನು? ನೀ ಹೋಗು."

"ನಾನಾ?"

"ಫಿಟ್ಸ್ ಇದ್ದವರೂ ಮಾತ್ರಿ ತಗೊಂಡು ಸಂಸಾರ ಮಾಡತಾರ, ಮಕ್ಕಳನ್ನ ಹಡೀತಾರ. ಅದನ್ನೂ ಅಲ್ಲಿ ಹೇಳು. ಆದ್ರ ಇಲ್ಲದ್ದನ್ನ ಈ ಹುಡುಗಿ ತಲಿಮ್ಯಾಲ ಹೊರಿಸಿದಾವ ನೀ. ಇಳಿಸಾವನೂ ನೀನ. ಮೌಲಾಸಾಬನ್ನ ಸಂಗಾಟ ಕರಕೊಂಡು ಹೋಗು."

ಹರಿಗೋಲಿನಲ್ಲಿ ನಾವಿಬ್ಬರೂ ಎದುರುಬದುರು ಕೂತೆವು. ಹೊಳೆ ತುಂಬಿರಲಿಲ್ಲ. ಆದರೂ ನನ್ನ ಜೀವಮಾನದಲ್ಲಿ ಅಷ್ಟು ಅಗಲದ ಹೊಳೆಯನ್ನು ನಾನು ದಾಟಿಲ್ಲ. ನಡುನೀರಿನಲ್ಲಿ ಮುದುಕ ಮೆಲ್ಲಗೆ ಹೇಳಿದ.

"ನಿನ್ನೆ ನಾನೂ ಗಟ್ಟಿಯಾಗಿ ಹೇಳಬೇಕಾಗಿತ್ತರಿ ಡಾಕ್ಟರ. ಬೇವಿನ ಗಿಡದ ಕೆಳಗ ಸುಮ್ಮನ ಕುಂತೆ."

ತಪ್ಪಿನಲ್ಲಿ ಪಾಲು ಕೇಳುವ ಅಂಥ ಮನುಷ್ಯರು ಆಗ ಇದ್ದರು.

ಸಂಜೆ ಇಬ್ಬರೂ ಮರಳಿ ಬಂದೆವು. ಅಜ್ಜ ಪಡಸಾಲೆಯಲ್ಲೇ ಕಾಯುತ್ತಿದ್ದರು. ಎದುರಿಗೆ ಎರಡು ಮಣೆ ಹಾಕಿತ್ತು. ಕಾಶವ್ವ ಮತ್ತು ನಿಂಬೆವ್ವ ಕಂಬದ ಹತ್ತಿರ ನಿಂತಿದ್ದರು.

"ಅಜ್ಜಾರ, ಅಲ್ಲಿ ಏನಾತಂದ್ರ..." ಎಂದು ನಾನು ಶುರು ಮಾಡಿದೆ.

"ನೀ ಸುಮ್ಮನಿರು ತಮ್ಮಾ. ಕೂಡು ಇಲ್ಲೆ."

ಅವರು ತೋರಿಸಿದ್ದು ರೋಗಿಯ ಮಣೆಯನ್ನು. ನಾನು ಕೂತೆ. ಮೌಲಾಸಾಬನನ್ನು ಇನ್ನೊಂದರ ಮೇಲೆ ಕೂರಿಸಿದರು.

"ನೀ ಕಣ್ಣಿಲೆ ನೋಡಿಯಲ್ಲ?"

"ನೋಡಿದೆರಿ."

"ಇವನ ಮುಖ ಹೆಂಗಾಗಿತ್ತು?"

"ಕೆಂಪಗಾಗಿತ್ತರಿ. ಹತ್ತು ಮಂದಿ ಹಿರ್ಯಾರು ಕುಂತಿದ್ರು."

"ಕೈಕಾಲು ಏನ್ ಮಾಡಿದ್ವು?"

"ನಡುಗಿದ್ವರಿ. ನೀರಿನ ತಂಬಿಗಿ ಕೊಟ್ರ ಅರ್ಧ ಮೈಮ್ಯಾಲ ಚೆಲ್ಲಿಕೊಂಡ್ರು."

"ಮೊದಲ ಮಾತು ಏನು?"

ಮುದುಕ ನನ್ನ ಮುಖ ನೋಡಿದ. ಆಮೇಲೆ ಕಂಬದ ಹತ್ತಿರ ನಿಂತ ಹುಡುಗಿಯ ಕಡೆ ನೋಡಿದ.

"'ಹುಡುಗಿಗೆ ಏನೂ ಆಗಿಲ್ಲ. ನಾ ನೋಡಿರಲಿಲ್ಲ, ನೋಡಿದವರನ್ನ ಕೇಳಲಿಲ್ಲ. ತಪ್ಪು ನಂದು' ಅಂದ್ರರಿ. ಆಮ್ಯಾಲ ನಾ ಕಂಡದ್ದನ್ನ ಹೇಳಿದೆ. ಗಂಡಿನ ಅವ್ವ ಎದ್ದು ಬಂದು, ಉಳಿದ ಬಳಿ ನಾಳೆ ತನ್ನ ಮುಂದ ಇಡಸು ಅಂದ್ಲು. ಹುಡುಗಿಗೆ ಮೊದಲ ಹೊಟ್ಟಿತುಂಬ ಉಣಿಸಿ ಅಂತನೂ ಹೇಳಿ ಕಳಿಸ್ಯಾಳ."

ಕಾಶವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಿಂಬೆವ್ವ ಈ ಸಲ ನನ್ನ ಕಡೆ ನೋಡಿದಳು.

ಅಜ್ಜ ನನ್ನ ನಾಡಿ ಹಿಡಿದು ನೋಡಿದರು. ನಂತರ ಕೈ ಬಿಟ್ಟು ಮೌಲಾಸಾಬನಿಗೆ ಹೇಳಿದರು:

"ಚಿಂತಿ ಮಾಡಬ್ಯಾಡ. ಈ ಹುಡುಗ ಗುಣ ಆಗತಾನ."